ಅಪ್ಪ-ಅಮ್ಮನಿಗೆ ಯಾವ ಆರೋಗ್ಯ ಕಾರ್ಡು? ಮಲೆನಾಡಿನ ಮನೆಯ ಲೆಕ್ಕ

ಅಪ್ಪನ ಹೃದಯಕ್ಕೆ ಸ್ಟೆಂಟ್ ಹಾಕಬೇಕೆಂದು ಡಾಕ್ಟರು ಹೇಳಿದ ದಿನ ನಾನು ಆಸ್ಪತ್ರೆಯ ಕೌಂಟರಿನ ಮುಂದೆ ನಿಂತು ಪ್ಲಾಸ್ಟಿಕ್ ಕವರು ಬಿಚ್ಚಿದೆ. ಆಧಾರ್, ರೇಷನ್ ಕಾರ್ಡು, ಪಹಣಿ, ಸೊಸೈಟಿಯ ಷೇರು ಪುಸ್ತಕ, ಮಡಿಕೆ ಮಡಿಕೆಯಾದ ಹಳೆಯ ಇಸಿಜಿ, ಎಲ್ಲವೂ ಅದರಲ್ಲಿದ್ದವು. ಕೌಂಟರಿನ ಹುಡುಗಿ ರೇಷನ್ ಕಾರ್ಡನ್ನು ಮಾತ್ರ ಎತ್ತಿಕೊಂಡಳು. "ಎಪಿಎಲ್ ಅಲ್ವಾ ಸರ್? ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಬರೆಸ್ಕೊಂಡು ಬಂದಿದೀರಾ?"

ಬರೆಸಿಕೊಂಡು ಬಂದಿರಲಿಲ್ಲ. ಊರಿನಿಂದ ಬಾಡಿಗೆ ಕಾರಿನಲ್ಲಿ ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗಿದ್ದೆವು. ಆ ವರ್ಷದ ಕೆಂಪಡಿಕೆಯ ದುಡ್ಡು ಅಲ್ಲೇ ಕರಗಿತು. ಒಂದು ತಿಂಗಳು ಕಳೆದು ಗೊಬ್ಬರಕ್ಕೆಂದು ಸೊಸೈಟಿಗೆ ಹೋದಾಗ ಅಲ್ಲಿನ ಕಾರ್ಯದರ್ಶಿ, "ನಿಮ್ ಮನೇದು ಯಶಸ್ವಿನಿ ಮಾಡ್ಸಿರ್ಲಿಲ್ವಾ? ನೋಟಿಸ್ ಹಾಕಿದ್ನಲ್ಲ" ಎಂದರು. ಅಪ್ಪ ಆ ಸೊಸೈಟಿಯಲ್ಲಿ ಮೂವತ್ತು ವರ್ಷದಿಂದ ಸದಸ್ಯರು. ನೋಟಿಸು ಬೋರ್ಡಿನ ಮೇಲೆ ಇನ್ನೂ ಅಂಟಿಕೊಂಡೇ ಇತ್ತು. ಸಹಕಾರ ಸಂಘದ ಸದಸ್ಯರ ಆರೋಗ್ಯ ಯೋಜನೆ, ವರ್ಷಕ್ಕೆ 500 ರೂಪಾಯಿ.

ಆ ಸಂಜೆಯಿಂದ ಈ ಯೋಜನೆಗಳ ಬೆನ್ನು ಹತ್ತಿ, ಕಂಡಕಂಡವರನ್ನೆಲ್ಲ ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಚ್ಚಿನವರು "ಯಾವ ಯೋಜನೆಯಲ್ಲಿ ಜಾಸ್ತಿ ಲಕ್ಷ ಕೊಡ್ತಾರೆ?" ಎಂದು ಕೇಳುತ್ತಾರೆ. ಆದರೆ ಹೆಚ್ಚುಕಡಿಮೆ ಎಲ್ಲದರಲ್ಲೂ 5 ಲಕ್ಷ ಎಂದೇ ಬರೆದಿರುತ್ತದೆ. ಮನೆಯಲ್ಲಿ ಯಾವ ಕಾಗದವಿದೆ, ಅದನ್ನು ಯಾವ ತಿಂಗಳಲ್ಲಿ ಮಾಡಿಸಬೇಕು, ಕಾಯಿಲೆ ಬಂದಾಗ ಮೊದಲು ಯಾವ ಆಸ್ಪತ್ರೆಯ ಮೆಟ್ಟಿಲು ಹತ್ತಬೇಕು, ಈ ಮೂರು ಗೊತ್ತಿಲ್ಲದಿದ್ದರೆ 5 ಲಕ್ಷ ಬರಿಯ ಅಂಕಿಯಾಗಿಯೇ ಉಳಿಯುತ್ತದೆ.

ರೇಷನ್ ಕಾರ್ಡಿನ ಬಣ್ಣ

ರಾಜ್ಯದಲ್ಲಿ ಎಲ್ಲರಿಗೂ ತೆರೆದಿರುವ ಬಾಗಿಲು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ. ರಾಜ್ಯ ಸರ್ಕಾರ 2018ರ ಮಾರ್ಚಿನಲ್ಲಿ ಆರೋಗ್ಯ ಕರ್ನಾಟಕ ಶುರು ಮಾಡಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಬಂತು. ಎರಡನ್ನೂ ಸೇರಿಸಿ ಒಂದೇ ಯೋಜನೆ ಮಾಡಿದರು. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಇದನ್ನು ನಡೆಸುತ್ತದೆ. ಇದಕ್ಕೆ ಕಂತು ಕಟ್ಟುವುದಿಲ್ಲ, ವಯಸ್ಸಿನ ಮಿತಿ ಇಲ್ಲ, ಮೊದಲೇ ಇದ್ದ ಕಾಯಿಲೆ ಎಂದು ತಳ್ಳಿಹಾಕುವುದಿಲ್ಲ. ವಯಸ್ಸಾದವರಿಗೆ ಈ ಕೊನೆಯ ಮಾತು ತುಂಬ ದೊಡ್ಡದು. ಖಾಸಗಿ ವಿಮೆಯವರು ಶುಗರು, ಬೀಪಿ ಎಂದಕೂಡಲೇ ಮೂರು ವರ್ಷದವರೆಗೂ ಕಾಯಿಸಬಹುದು.

ಆದರೆ ಈ ಬಾಗಿಲಿನ ಒಳಗೆ ಎರಡು ಸಾಲು. ಬಿಪಿಎಲ್ ಅಥವಾ ಅಂತ್ಯೋದಯ ಕಾರ್ಡಿದ್ದರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ. ಎಪಿಎಲ್ ಆದರೆ ಸರ್ಕಾರ ನಿಗದಿ ಮಾಡಿದ ಪ್ಯಾಕೇಜ್ ದರದಲ್ಲಿ ಶೇ. 30ರಷ್ಟನ್ನು ಮಾತ್ರ ಸರ್ಕಾರ ಕೊಡುತ್ತದೆ, ಅದೂ ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷದ ಒಳಗೆ. ಲೆಕ್ಕ ಹಾಕಿ ನೋಡಿ. ಒಂದು ಆಪರೇಷನ್ನಿನ ಪ್ಯಾಕೇಜ್ ದರ 1,20,000 ರೂಪಾಯಿ ಎಂದಿಟ್ಟುಕೊಳ್ಳೋಣ. ಬಿಪಿಎಲ್ ಮನೆಯವರು ಏನೂ ಕೊಡಬೇಕಿಲ್ಲ. ಎಪಿಎಲ್ ಮನೆಗೆ ಸರ್ಕಾರದಿಂದ ಬರುವುದು 36,000. ಉಳಿದ 84,000 ಕೈಯಿಂದ. "ನಮಗೂ ಆಯುಷ್ಮಾನ್ ಕಾರ್ಡಿದೆ" ಎಂದು ನಿಶ್ಚಿಂತೆಯಿಂದ ಇರುವ ಎಷ್ಟೋ ತೋಟದ ಮನೆಗಳು ಈ ಎರಡನೆಯ ಸಾಲಿನಲ್ಲಿವೆ. ಅದು ಗೊತ್ತಾಗುವುದು ಕೌಂಟರಿನಲ್ಲಿ.

ನಮ್ಮ ಕಡೆ ಎಪಿಎಲ್ ಆಗಲು ಶ್ರೀಮಂತರೇ ಆಗಬೇಕಿಲ್ಲ. ಮನೆ ಬಾಗಿಲಲ್ಲಿ ನಿಂತ ಹಳೆಯ ಓಮ್ನಿ ಸಾಕು, ಬೆಂಗಳೂರಿನಲ್ಲಿ ಆದಾಯ ತೆರಿಗೆ ಕಟ್ಟುವ ಮಗನ ಹೆಸರು ಊರಿನ ಕಾರ್ಡಿನಲ್ಲೇ ಉಳಿದಿದ್ದರೆ ಸಾಕು. 2024ರ ನವೆಂಬರಿನಲ್ಲಿ ಬಿಪಿಎಲ್ ಕಾರ್ಡುಗಳ ರದ್ದತಿ ದೊಡ್ಡ ಗಲಾಟೆಯಾಯಿತು. ಕೊನೆಗೆ ಸರ್ಕಾರಿ ನೌಕರರು, ತೆರಿಗೆ ಕಟ್ಟುವವರು ಬಿಟ್ಟು ಉಳಿದವರ ಕಾರ್ಡು ವಾಪಸು ಕೊಡುವುದಾಗಿ ಸರ್ಕಾರ ಹೇಳಬೇಕಾಯಿತು. ಆಗ ಎಲ್ಲರೂ ಅಕ್ಕಿಯ ಮಾತಾಡಿದರು. ಕಾರ್ಡು ಹೋದರೆ ಅಕ್ಕಿಯ ಜೊತೆಗೆ ಅಜ್ಜಿಯ 5 ಲಕ್ಷವೂ ಹೋಗುತ್ತದೆ ಎಂದು ಹೇಳಿದವರು ಕಡಿಮೆ. ಹಾಗಾಗಿ ನನ್ನ ಮೊದಲ ಸಲಹೆ: ಮಗ ಬೇರೆ ಊರಲ್ಲಿ ಬೇರೆ ಒಲೆ ಹೂಡಿದ್ದರೆ ಅವನ ಹೆಸರನ್ನು ಅಲ್ಲಿಗೆ ವರ್ಗಾಯಿಸಿಕೊಳ್ಳಿ. ಸುಳ್ಳು ಹೇಳಿ ಬಿಪಿಎಲ್ ಮಾಡಿಸಿ ಎನ್ನುತ್ತಿಲ್ಲ, ಹಾಗೆ ಮಾಡುವುದು ತಪ್ಪು. ಇಬ್ಬರೇ ಇರುವ ಮುದುಕರ ಕಾರ್ಡಿನಲ್ಲಿ ಅವರಿಬ್ಬರ ಸ್ಥಿತಿ ಕಾಣಬೇಕು, ಅಷ್ಟೆ.

ರೆಫರಲ್ ಎಂಬ ಚೀಟಿಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಮಲೆನಾಡಿನ ಜನ ಎಡವುವುದು ಇಲ್ಲೇ. ಈ ಯೋಜನೆಯ ಪ್ರಕಾರ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಸರಳ ಚಿಕಿತ್ಸೆಗಳು ಅಲ್ಲೇ ಆಗಬೇಕು. ಅಲ್ಲಿ ಆಗದ್ದನ್ನು ಮಾತ್ರ ಅವರು ಬರೆದುಕೊಟ್ಟರೆ, ನೋಂದಾಯಿತ ಖಾಸಗಿ ಆಸ್ಪತ್ರೆಯಲ್ಲಿ ಯೋಜನೆಯ ಲೆಕ್ಕದಲ್ಲಿ ಮಾಡಿಸಬಹುದು. ತೀರ್ಥಹಳ್ಳಿಯವರು ಏನಾದರೂ ದೊಡ್ಡದಾದರೆ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗುವುದು ಅಜ್ಜಂದಿರ ಕಾಲದ ರೂಢಿ. ಸಾಗರ, ಹೊಸನಗರದವರು ಶಿವಮೊಗ್ಗದ ಖಾಸಗಿ ಆಸ್ಪತ್ರೆಗಳಿಗೆ ನೇರವಾಗಿ ಬರುತ್ತಾರೆ. ಘಾಟಿ ಇಳಿದ ಮೇಲೆ "ರೆಫರಲ್ ಎಲ್ಲಿ?" ಎಂದು ಕೇಳಿದರೆ ಹದಿನಾಲ್ಕು ತಿರುವು ಮತ್ತೆ ಹತ್ತಿ ಬರುವುದಕ್ಕಾಗುತ್ತದೆಯೇ? ಆದ್ದರಿಂದ ತುರ್ತಲ್ಲದ ಕಾಯಿಲೆಯಾದರೆ ಒಂದು ದಿನ ಮುಂಚೆ ತಾಲ್ಲೂಕು ಆಸ್ಪತ್ರೆಗೋ ಶಿವಮೊಗ್ಗದ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಗೋ ಹೋಗಿ ತೋರಿಸಿ, ಬರೆಸಿಕೊಂಡೇ ಹೊರಡಿ. ನೋಂದಾಯಿತ ಆಸ್ಪತ್ರೆಗಳಲ್ಲಿ ಆರೋಗ್ಯ ಮಿತ್ರ ಎಂಬ ಸಿಬ್ಬಂದಿ ಇರುತ್ತಾರೆ. ಡಾಕ್ಟರಿಗಿಂತ ಮೊದಲು ಅವರನ್ನು ಹುಡುಕಿ. ಕಾಯಿಲೆಯ ಹೆಸರು ಹೇಳಿ ಕೇಳಿದರೆ ಸಾಲದು, ಮಾಡಬೇಕಾದ ಆಪರೇಷನ್ನಿನ ಹೆಸರು ಹೇಳಿ, ಅದು ಪಟ್ಟಿಯಲ್ಲಿದೆಯೇ, ಈ ಆಸ್ಪತ್ರೆಯಲ್ಲಿ ಯೋಜನೆಯಡಿ ಮಾಡುತ್ತಾರೆಯೇ ಎಂದು ಕೇಳಿ. ಒಂದೇ ಆಸ್ಪತ್ರೆಯ ಒಂದು ವಿಭಾಗಕ್ಕೆ ಯೋಜನೆ ಇದ್ದು ಇನ್ನೊಂದಕ್ಕೆ ಇಲ್ಲದಿರುವುದುಂಟು.

ತುರ್ತಿನಲ್ಲಿ ಮಾತ್ರ ಈ ನಿಯಮ ಬೇರೆ. ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗಳಿಗೆ ರೆಫರಲ್ ಬೇಡ, ನೋಂದಾಯಿತ ಆಸ್ಪತ್ರೆಗೆ ನೇರ ಹೋಗಬಹುದು. ಎದೆನೋವಾದರೆ ಮಣಿಪಾಲವೋ ಶಿವಮೊಗ್ಗವೋ ಎಂದು ಚರ್ಚೆ ಮಾಡುತ್ತಾ ಗಂಟೆ ಕಳೆಯಬೇಡಿ. 2023ರ ನವೆಂಬರಿನಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೂರದ ಹೃದ್ರೋಗ ತಜ್ಞರ ಸಲಹೆಯಂತೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡಿದೆ. ಅದಕ್ಕೆ ಯಾವ ಬಣ್ಣದ ಕಾರ್ಡೂ ಬೇಕಿಲ್ಲ. ದೊಡ್ಡ ಆಸ್ಪತ್ರೆ ಆಮೇಲೆ.

ಸೊಸೈಟಿಯ ಬಾಗಿಲು

ಯಶಸ್ವಿನಿ ಸಹಕಾರಿಗಳ ಯೋಜನೆ. ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ, ಡಾ. ದೇವಿ ಶೆಟ್ಟಿಯವರ ಆಲೋಚನೆಯಿಂದ ಹುಟ್ಟಿ 2003ರಲ್ಲಿ ಜಾರಿಗೆ ಬಂತು. 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ಸೇರಿ ಹೋಯಿತು. ಸಹಕಾರಿಗಳು ಬಿಡಲಿಲ್ಲ. 2022–23ರಲ್ಲಿ ಮತ್ತೆ ಶುರುವಾಯಿತು. ಗ್ರಾಮೀಣ ಸಹಕಾರ ಸಂಘದ ಸದಸ್ಯರಾದರೆ ನಾಲ್ಕು ಜನರವರೆಗಿನ ಕುಟುಂಬಕ್ಕೆ 500 ರೂಪಾಯಿ, ಹೆಚ್ಚಿನ ಒಬ್ಬೊಬ್ಬರಿಗೆ 100. ನಗರದ ಸಂಘವಾದರೆ 1,000 ಮತ್ತು 200. ಪರಿಶಿಷ್ಟ ಜಾತಿ, ಪಂಗಡದ ಸದಸ್ಯರ ಕಂತನ್ನು ಸರ್ಕಾರವೇ ಭರಿಸುತ್ತದೆ. ಚಿಕಿತ್ಸೆಯ ಮಿತಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ.

ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಎಪಿಎಲ್ ಕಾರ್ಡಿನ, ಅಡಿಕೆಯೋ ಭತ್ತವೋ ಬೆಳೆಯುವ, ವಯಸ್ಸಾದವರಿರುವ ಮಲೆನಾಡಿನ ಮನೆಗೆ ಯಶಸ್ವಿನಿಗಿಂತ ಒಳ್ಳೆಯ ಆಯ್ಕೆ ಇಲ್ಲ. ಇಲ್ಲಿ ಎಪಿಎಲ್, ಬಿಪಿಎಲ್ ಎಂಬ ಎರಡು ಸಾಲಿಲ್ಲ. ಜಾಲದಲ್ಲಿರುವ ಆಸ್ಪತ್ರೆಗೆ ಕಾರ್ಡು ಹಿಡಿದು ಹೋಗಬಹುದು. ಸಹಕಾರ ಸಂಘವಂತೂ ನಮ್ಮ ಪ್ರತಿ ಊರಿನ ಪಕ್ಕದಲ್ಲಿದೆ: ಸಾಲ ಕೊಡುವ ಕೃಷಿ ಪತ್ತಿನ ಸಂಘ, ಹಾಲಿನ ಡೇರಿ, ಅಡಿಕೆ ಮಾರುವ ಮ್ಯಾಮ್ಕೋಸ್. ಷೇರು ಪುಸ್ತಕ ಎಲ್ಲರ ಬೀರುವಿನಲ್ಲೂ ಇರುತ್ತದೆ, ಅದರಿಂದ ಆರೋಗ್ಯದ ಬಾಗಿಲು ತೆರೆಯುತ್ತದೆ ಎಂದು ಮನೆಯ ಮಕ್ಕಳಿಗೆ ಗೊತ್ತಿರುವುದಿಲ್ಲ. ನನಗೂ ಗೊತ್ತಿರಲಿಲ್ಲ.

ಅದರ ಷರತ್ತುಗಳೂ ತಿಳಿದಿರಲಿ. ನೋಂದಣಿ ವರ್ಷದಲ್ಲಿ ಕೆಲವೇ ತಿಂಗಳು ತೆರೆದಿರುತ್ತದೆ. ಕಾಯಿಲೆ ಬಂದ ಮೇಲೆ ಓಡಿದರೆ ಆಗುವುದಿಲ್ಲ. ಸದಸ್ಯರಾದ ಮರುದಿನವೇ ಕಾರ್ಡು ಸಿಗುವುದಿಲ್ಲ, ಸದಸ್ಯತ್ವಕ್ಕೆ ಕೆಲವು ತಿಂಗಳು ಆಗಿರಬೇಕು. ಪ್ರತಿ ವರ್ಷ ನವೀಕರಿಸಬೇಕು. ಸರ್ಕಾರಿ ನೌಕರರಿಗೂ ತಿಂಗಳಿಗೆ 30,000 ರೂಪಾಯಿ ಮೀರಿದ ಸಂಬಳದ ಖಾಸಗಿ ನೌಕರರಿಗೂ ಇದರಲ್ಲಿ ಜಾಗವಿಲ್ಲ. ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಕಟ್ಟಿಗೆ ಒಟ್ಟುತ್ತೇವೆ, ಹಪ್ಪಳ ಒಣಗಿಸುತ್ತೇವೆ, ಹೆಂಚು ಕೈಯಾಡಿಸುತ್ತೇವೆ. ಈ ಕಂತು ಕಟ್ಟುವುದನ್ನೂ ಹಾಗೆ ವರ್ಷದ ಕೆಲಸಗಳ ಪಟ್ಟಿಗೆ ಸೇರಿಸಿಕೊಂಡರೆ ಮರೆಯುವುದಿಲ್ಲ.

70 ದಾಟಿದವರ ಕಾರ್ಡು

ಕೇಂದ್ರ ಸರ್ಕಾರ 2024ರ ಅಕ್ಟೋಬರ್ 29ರಂದು 70 ವರ್ಷ ದಾಟಿದ ಎಲ್ಲರಿಗೂ ಆಯುಷ್ಮಾನ್ ಭಾರತ್ ವಿಸ್ತರಿಸಿತು. ಕಾರ್ಡಿನ ಹೆಸರು ಆಯುಷ್ಮಾನ್ ವಯ ವಂದನಾ. ಇದಕ್ಕೆ ಆದಾಯ ನೋಡುವುದಿಲ್ಲ, ರೇಷನ್ ಕಾರ್ಡು ಬೇಕಿಲ್ಲ, ಆಧಾರ್ ಸಾಕು. ಮನೆಯಲ್ಲಿ 70 ದಾಟಿದವರೆಲ್ಲ ಸೇರಿ ವರ್ಷಕ್ಕೆ 5 ಲಕ್ಷ ಹಂಚಿಕೊಳ್ಳಬೇಕು. ಅಜ್ಜನಿಗೆ 74, ಅಜ್ಜಿಗೆ 67 ಆಗಿದ್ದರೆ ಅಜ್ಜನಿಗೆ ಮಾತ್ರ. ಮನೆ ಮೊದಲೇ ಆಯುಷ್ಮಾನ್ ಭಾರತ್‌ನಲ್ಲಿದ್ದರೆ ಹಿರಿಯರಿಗೆ ಈ 5 ಲಕ್ಷ ಪ್ರತ್ಯೇಕ, ಮನೆಯ ಕಿರಿಯರು ಅದನ್ನು ಬಳಸುವಂತಿಲ್ಲ. ಇದು ನನಗೆ ಬಹಳ ಹಿಡಿಸಿದ ಅಂಶ. ಕೂಡು ಕುಟುಂಬದಲ್ಲಿ ಸೊಸೆಯ ಹೆರಿಗೆ, ಮೊಮ್ಮಗನ ಅಪೆಂಡಿಕ್ಸು ಎಲ್ಲ ಕಳೆದ ಮೇಲೆ ತನ್ನ ಮಂಡಿನೋವಿನ ಮಾತೆತ್ತುವ ಅಜ್ಜಿಯರನ್ನು ನೋಡಿದ್ದೇನೆ. ಖಾಸಗಿ ವಿಮೆ ಇದ್ದವರೂ, ಕಾರ್ಮಿಕರ ವಿಮೆಯಾದ ಇಎಸ್‌ಐ ಇದ್ದವರೂ ಇದನ್ನು ಮಾಡಿಸಬಹುದು. ಕೇಂದ್ರ ಸರ್ಕಾರಿ ನೌಕರರ ಸಿಜಿಎಚ್‌ಎಸ್, ಮಾಜಿ ಸೈನಿಕರ ಇಸಿಎಚ್‌ಎಸ್‌ನಂಥ ಯೋಜನೆಯಲ್ಲಿ ಇರುವವರು ಮಾತ್ರ ಅದೋ ಇದೋ ಒಂದನ್ನು ಆರಿಸಿಕೊಳ್ಳಬೇಕು. ಆ ಆಯ್ಕೆ ಒಂದೇ ಸಲ.

ಆದರೆ ಕಾರ್ಡು ಕೈಗೆ ಬಂದ ಮಾತ್ರಕ್ಕೆ ನಿಶ್ಚಿಂತರಾಗಬೇಡಿ. ಶುರುವಿನ ತಿಂಗಳುಗಳಲ್ಲಿ ಕರ್ನಾಟಕದಲ್ಲಿ ಈ ಕಾರ್ಡು ಹಿಡಿದು ಹೋದವರಿಗೆ ಆಸ್ಪತ್ರೆಗಳಲ್ಲಿ "ನಮ್ಮ ರಾಜ್ಯದಲ್ಲಿ ಇದು ಇನ್ನೂ ಜಾರಿಗೆ ಬಂದಿಲ್ಲ" ಎಂಬ ಉತ್ತರ ಸಿಕ್ಕಿತು. ಕಾರ್ಡು ಮಾಡಿಸಿಟ್ಟುಕೊಳ್ಳಿ, ಖರ್ಚೇನಿಲ್ಲ. ಆದರೆ ಅದನ್ನೇ ನಂಬಿ ಯಶಸ್ವಿನಿ ಬಿಡಬೇಡಿ. ದಾಖಲಾಗುವ ಮುಂಚೆ ಆಯುಷ್ಮಾನ್ ಸಹಾಯವಾಣಿ 14555ಕ್ಕೋ ರಾಜ್ಯದ 104ಕ್ಕೋ ಫೋನು ಮಾಡಿ, ಆಸ್ಪತ್ರೆಯ ಆರೋಗ್ಯ ಮಿತ್ರರ ಬಾಯಿಂದಲೂ ಒಮ್ಮೆ ಕೇಳಿಕೊಳ್ಳಿ.

ಪಿಂಚಣಿದಾರರ ದಾರಿ ಬೇರೆ. ಅಂಚೆ ಇಲಾಖೆಯಲ್ಲೋ ಭದ್ರಾವತಿಯ ಆಕಾಶವಾಣಿಯಲ್ಲೋ ದುಡಿದು ನಿವೃತ್ತರಾದ ಕೇಂದ್ರದ ಪಿಂಚಣಿದಾರರು ಸಿಜಿಎಚ್‌ಎಸ್ ಕೇಂದ್ರವಿಲ್ಲದ ಊರಿನಲ್ಲಿದ್ದರೆ ಮೂರು ರೀತಿಯಲ್ಲಿ ಆರಿಸಬಹುದು: ತಿಂಗಳಿಗೆ 1,000 ರೂಪಾಯಿ ವೈದ್ಯಕೀಯ ಭತ್ಯೆ ಮಾತ್ರ, ಅಥವಾ ಹತ್ತಿರದ ನಗರದ ಸಿಜಿಎಚ್‌ಎಸ್ ಕಾರ್ಡು ಮಾತ್ರ, ಅಥವಾ ಹೊರರೋಗಿ ಖರ್ಚಿಗೆ ಭತ್ಯೆ ಇಟ್ಟುಕೊಂಡು ದಾಖಲಾಗುವ ಚಿಕಿತ್ಸೆಗೆ ಸಿಜಿಎಚ್‌ಎಸ್. ಗುಡ್ಡದ ಊರಿನಲ್ಲಿ ನೆಲೆಸಿದವರಿಗೆ ಮೂರನೆಯದೇ ಸರಿ ಎಂದು ನನ್ನ ಎಣಿಕೆ. ಮಾತ್ರೆಗಾಗಿ ಬೆಂಗಳೂರಿಗೆ ಹೋಗಲಾಗದು, ಆದರೆ ಬೈಪಾಸ್ ಸರ್ಜರಿಗೆ 1,000 ರೂಪಾಯಿ ಯಾವ ಮೂಲೆಗೆ? ಹತ್ತು ವರ್ಷದ ವಂತಿಗೆಯನ್ನು ಒಮ್ಮೆಗೇ ಕಟ್ಟಿದರೆ ಜೀವನಪರ್ಯಂತ ಕಾರ್ಡು. ಹುದ್ದೆಯ ಹಂತದ ಮೇಲೆ ಇದು 30,000ದಿಂದ 1,20,000 ರೂಪಾಯಿವರೆಗೆ ಆಗುತ್ತದೆ. ಮಾಚೇನಹಳ್ಳಿಯಂಥ ಕಡೆ ಕಾರ್ಖಾನೆಯಲ್ಲಿ ದುಡಿದವರು, ಕನಿಷ್ಠ ಐದು ವರ್ಷ ಇಎಸ್‌ಐ ವ್ಯಾಪ್ತಿಯಲ್ಲಿದ್ದು ನಿವೃತ್ತರಾಗಿದ್ದರೆ, ವರ್ಷಕ್ಕೆ 120 ರೂಪಾಯಿ ಕಟ್ಟಿ ತಮಗೂ ಹೆಂಡತಿಗೋ ಗಂಡನಿಗೋ ಇಎಸ್‌ಐ ವೈದ್ಯಕೀಯ ಸೌಲಭ್ಯ ಮುಂದುವರಿಸಬಹುದು. ನೂರಿಪ್ಪತ್ತು, ತಿಂಗಳಿಗಲ್ಲ, ವರ್ಷಕ್ಕೆ. ನಿವೃತ್ತಿಯ ದಿನ ಹಾರ ಹಾಕಿ ಕಳಿಸುವವರು ಇದನ್ನೂ ಕಿವಿಯಲ್ಲಿ ಹೇಳಿ ಕಳಿಸಬೇಕು.

ಖಾಸಗಿ ವಿಮೆಯ ಬಗ್ಗೆ ಒಂದೇ ಮಾತು. 65 ದಾಟಿದವರಿಗೆ ಹೊಸ ಪಾಲಿಸಿ ಇಲ್ಲ ಎನ್ನುವ ವಯಸ್ಸಿನ ತಡೆಯನ್ನು 2024ರ ಏಪ್ರಿಲ್‌ನಿಂದ ತೆಗೆದಿದ್ದಾರೆ. 2025ರ ಜನವರಿಯಲ್ಲಿ ವಿಮಾ ಪ್ರಾಧಿಕಾರವು ಹಿರಿಯರ ಕಂತನ್ನು ಮೊದಲೇ ತನ್ನನ್ನು ಕೇಳದೆ ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸಬಾರದೆಂದು ಕಂಪನಿಗಳಿಗೆ ಹೇಳಿತು. ಕೈಯಲ್ಲಾದವರು ಮಾಡಿಸಲಿ, ಆದರೆ ಮೇಲಿನವುಗಳನ್ನು ಮಾಡಿಸಿದ ನಂತರ.

ಆಯುಷ್ಮಾನ್, ಯಶಸ್ವಿನಿ ಕೊಡದ ಖರ್ಚೊಂದಿದೆ. ದಾಖಲಾಗದೆ ದಿನಾ ನುಂಗುವ ಬೀಪಿ, ಶುಗರಿನ ಮಾತ್ರೆ. ಆಯುಷ್ಮಾನ್‌ನಲ್ಲಿ ದಾಖಲಾಗುವ ಮೂರು ದಿನ ಮೊದಲಿನ ಮತ್ತು ಬಿಡುಗಡೆಯಾದ ಹದಿನೈದು ದಿನದವರೆಗಿನ ಔಷಧ ಸೇರುತ್ತದೆ. ಹದಿನಾರನೆಯ ದಿನದಿಂದ ನಮ್ಮದೇ. ಇದಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರದ ಉಚಿತ ಮಾತ್ರೆ, ಜನೌಷಧಿ ಅಂಗಡಿ, ಮನೆಗೇ ಬಂದು ತಪಾಸಣೆ ಮಾಡುವ ಗೃಹ ಆರೋಗ್ಯ ಯೋಜನೆ, ಇವೇ ದಾರಿ. ಆಶಾ ಕಾರ್ಯಕರ್ತೆಯನ್ನು ಬರಿ ಬಾಣಂತಿಯರಿಗೆ ಎಂದುಕೊಳ್ಳಬೇಡಿ. ಡಯಾಲಿಸಿಸ್ ಬೇಕಾದವರು ಮೊದಲು ತಾಲ್ಲೂಕು ಆಸ್ಪತ್ರೆಯ ಉಚಿತ ಘಟಕದಲ್ಲಿ ಹೆಸರು ಬರೆಸಿ. ವಾರಕ್ಕೆ ಎರಡು ಮೂರು ಸಲ ಶಿವಮೊಗ್ಗಕ್ಕೆ ಹೋಗಿ ಬರುವ ಬಾಡಿಗೆಯನ್ನು ಯಾವ ಕಾರ್ಡೂ ಕೊಡುವುದಿಲ್ಲ.

ಬೆರಳಚ್ಚು

ಕಾಗದವೆಲ್ಲ ಸರಿಯಿದ್ದೂ ಕೆಲಸ ನಿಲ್ಲುವ ಜಾಗ ಇನ್ನೊಂದಿದೆ. ಅಮ್ಮನನ್ನು ಕಾರ್ಡು ಮಾಡಿಸಲು ಕರೆದುಕೊಂಡು ಹೋದಾಗ ಯಂತ್ರ ಅವಳ ಹೆಬ್ಬೆಟ್ಟನ್ನು ಗುರುತಿಸಲಿಲ್ಲ. ಸೆರಗಿಗೆ ಒರೆಸಿಕೊಂಡು ಇಟ್ಟಳು, ಇಲ್ಲ. ತೋರುಬೆರಳು, ಇಲ್ಲ. ಹತ್ತು ಬೆರಳೂ ಆಯಿತು. ನಲವತ್ತು ವರ್ಷ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದ ಕೈ ಅದು. ಚೊಗರಿನ ಕಪ್ಪು ಉಳಿದಿತ್ತು, ಗೆರೆಗಳು ಸವೆದಿದ್ದವು. ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಓಟಿಪಿ ಕಳಿಸೋಣವೆಂದರೆ ಆ ನಂಬರು ತಮ್ಮನದು, ಅವನು ಬೆಂಗಳೂರಿನಲ್ಲಿ ಮೀಟಿಂಗಿನಲ್ಲಿದ್ದ. ಕೊನೆಗೆ ಕಣ್ಣಿನ ಪಾಪೆಯ ಗುರುತು ಕೈಹಿಡಿಯಿತು. ಬೆರಳು ಒಪ್ಪದಿದ್ದರೆ ಕಣ್ಣು ಅಥವಾ ಮುಖದ ಗುರುತಿನಿಂದ ಮಾಡಿ ಎಂದು ನೀವೇ ಕೇಳಬೇಕು. ಹೆತ್ತವರ ಆಧಾರ್‌ಗೆ ಅವರ ಹತ್ತಿರವೇ ಇರುವ ಫೋನಿನ ನಂಬರು ಜೋಡಿಸಿ. ಹೆಸರೂ ನೋಡಿಕೊಳ್ಳಿ: ಆಧಾರ್‌ನಲ್ಲಿ ಸುಬ್ಬಮ್ಮ, ರೇಷನ್ ಕಾರ್ಡಿನಲ್ಲಿ ಸುಬ್ಬಲಕ್ಷ್ಮಿ ಎಂದಿದ್ದರೆ ಇಬ್ಬರಾಗುತ್ತಾರೆ. ಹಿರಿಯರಲ್ಲಿ ಅನೇಕರ ಆಧಾರ್‌ನಲ್ಲಿ ಹುಟ್ಟಿದ ದಿನ ಜನವರಿ 1, ವರ್ಷ ಅಂದಾಜಿನದು. 70 ಆಯಿತೋ ಇಲ್ಲವೋ ಎಂಬ ಲೆಕ್ಕ ಆ ತಾರೀಕಿನ ಮೇಲೆಯೇ. ಊರಿಗೆ ಹಬ್ಬಕ್ಕೆ ಬಂದ ಮಕ್ಕಳು ಅರ್ಧ ದಿನ ಇದಕ್ಕೆ ಕೊಟ್ಟರೆ ಸಾಕು.

ಕಳೆದ ಸಲ ಸೊಸೈಟಿಯಲ್ಲಿ ನೋಂದಣಿ ಶುರುವಾದ ವಾರವೇ ಅಪ್ಪ ನನಗಿಂತ ಮೊದಲು ಹೋಗಿ ಕಂತು ಕಟ್ಟಿ ಬಂದರು. ರಸೀದಿಯನ್ನು ಅಮ್ಮನಿಗೆ ಎರಡು ಸಲ ಓದಿ ಹೇಳಿದರು. ಆಮೇಲೆ ಅದೇ ಪ್ಲಾಸ್ಟಿಕ್ ಕವರಿನಲ್ಲಿ ಹಳೆಯ ಇಸಿಜಿಯ ಮೇಲೆ ಇಟ್ಟು, ರಬ್ಬರ್ ಬ್ಯಾಂಡ್ ಹಾಕಿ, ಜಗಲಿಯ ಬಾಗಿಲ ಹಿಂದೆ ಟಾರ್ಚು ನೇತಾಡುವ ಮೊಳೆಗೇ ತೂಗುಹಾಕಿದರು. ಕರೆಂಟು ಹೋದ ರಾತ್ರಿಯಲ್ಲೂ ಕೈಗೆ ಸಿಗುವ ಜಾಗ ಅದೊಂದೇ.